ಯಾವ ಮನೆಗೆ ಯಾವ ವೈಫೈ ಡಾಂಗಲ್? ಆಯ್ಕೆ, ಜೋಡಣೆ ಮತ್ತು ತೊಂದರೆಗೆ ಪರಿಹಾರ

ಡೆಸ್ಕ್‌ಟಾಪ್‌ಗೆ ವೈಫೈ ಇಲ್ಲ, ಅಥವಾ ಲ್ಯಾಪ್‌ಟಾಪಿನ ಒಳಗಿನ ವೈಫೈ ಕೆಟ್ಟಿದೆ ಎಂದು ದಾವಣಗೆರೆಯ ಅಂಗಡಿಯಲ್ಲಿ "ಡಾಂಗಲ್ ಕೊಡಿ" ಅಂದರೆ ಗೊಂದಲ ಅಲ್ಲಿಂದಲೇ ಶುರು. ಸಿಮ್ ಹಾಕಿ ನೆಟ್ ಬಳಸುವ 4ಜಿ ಸಾಧನಕ್ಕೂ ಡಾಂಗಲ್ ಅಂತಾರೆ, ಬ್ಲೂಟೂತ್‌ನದಕ್ಕೂ ಡಾಂಗಲ್ ಅಂತಾರೆ, ವೈಫೈ ಹಿಡಿಯುವುದಕ್ಕೂ ಅದೇ ಹೆಸರು. ನೋಡುವುದಕ್ಕೂ ಮೂರು ಹೆಚ್ಚು ಕಡಿಮೆ ಒಂದೇ ಥರ. "ಮನೆಯಲ್ಲಿ ರೂಟರ್ ಇದೆ, ಕಂಪ್ಯೂಟರಿಗೆ ವೈಫೈ ಹಿಡಿಯೋ ಯುಎಸ್‌ಬಿ ಅಡಾಪ್ಟರ್ ಬೇಕು" ಎಂದು ಪೂರ್ತಿ ಕೇಳಿದರೆ ಒಂದು ಓಡಾಟ ಉಳಿಯುತ್ತದೆ.

ಅಷ್ಟು ಬಿಡಿಸಿ ಕೇಳಿದರೂ ಕೌಂಟರ್ ಮೇಲೆ ಮೂರ್ನಾಲ್ಕು ಡಬ್ಬ ಬಂದು ಕೂರುತ್ತವೆ. ಐನೂರು ರೂಪಾಯಿಯ ಆಸುಪಾಸಿನ ಉಗುರಿನಷ್ಟರದ್ದು, ಸಾವಿರದ ಆಸುಪಾಸಿನ ಉದ್ದ ಆಂಟೆನಾದ್ದು, ಅದಕ್ಕೂ ಮೇಲಿನ ಬೆಲೆಯ ಎರಡು ಆಂಟೆನಾದ್ದು. ಡಬ್ಬದ ಮೇಲೆ 150, 600, 1300, 1800 ಎಂದು ದಪ್ಪ ಅಂಕಿಗಳು. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ: ಇಟ್ಟಿಗೆ ಗೋಡೆಯ ಸಾಮಾನ್ಯ ಮನೆಯಲ್ಲಿ, ವಿಂಡೋಸ್ 10 ಅಥವಾ 11 ಇರುವ ಕಂಪ್ಯೂಟರಿಗೆ, ಎರಡೂ ಬ್ಯಾಂಡ್ (2.4 ಮತ್ತು 5 ಗಿಗಾಹರ್ಟ್ಸ್) ಹಿಡಿಯುವ ಹೊರ ಆಂಟೆನಾದ ಎಸಿ600 ಅಡಾಪ್ಟರ್, ಅದರ ಜೊತೆಗೆ ಒಂದೂವರೆ ಮೀಟರ್ ಯುಎಸ್‌ಬಿ ಎಕ್ಸ್‌ಟೆನ್ಷನ್ ಕೇಬಲ್ ಸಾಕು. ಮನೆಯ ಗೋಡೆ, ಕಂಪ್ಯೂಟರಿನ ವಯಸ್ಸು, ಅದರಲ್ಲಿರುವ ಆಪರೇಟಿಂಗ್ ಸಿಸ್ಟಮ್ ಈ ಮೂರರಲ್ಲಿ ಯಾವುದೇ ಒಂದು ಬೇರೆಯಾದರೂ ಆಯ್ಕೆ ಬದಲಾಗುತ್ತದೆ.

ಡಾಂಗಲ್ಲೇ ಬೇಡದ ಸಂದರ್ಭಗಳೂ ಇವೆ. ರೂಟರ್ ಇರುವ ಕೋಣೆಯಲ್ಲೇ ಕಂಪ್ಯೂಟರ್ ಇದ್ದರೆ ಹತ್ತು ಮೀಟರ್ ಕ್ಯಾಟ್6 ಲ್ಯಾನ್ ಕೇಬಲ್ ಎಳೆಯಿರಿ. ಡ್ರೈವರ್ (ಸಾಧನವನ್ನು ಕಂಪ್ಯೂಟರಿಗೆ ಪರಿಚಯಿಸುವ ಸಾಫ್ಟ್‌ವೇರ್) ತಲೆನೋವಿಲ್ಲ, ಸಿಗ್ನಲ್ ಏರಿಳಿತವಿಲ್ಲ. ಡೆಸ್ಕ್‌ಟಾಪಿನ ಮದರ್‌ಬೋರ್ಡಿನಲ್ಲಿ ಪಿಸಿಐಇ ಸ್ಲಾಟ್ (ಕಾರ್ಡ್ ಕೂರಿಸುವ ಕಿಂಡಿ) ಖಾಲಿ ಇದ್ದು, ಬಾಕ್ಸ್ ಬಿಚ್ಚಲು ಅಳುಕಿಲ್ಲದಿದ್ದರೆ ವೈಫೈ ಕಾರ್ಡ್ ಹಾಕಿಸುವುದು ಡಾಂಗಲ್‌ಗಿಂತ ಗಟ್ಟಿ. ಆದರೆ ಆ ಕಾರ್ಡಿನ ಬ್ಲೂಟೂತ್ ಕೆಲಸ ಮಾಡಬೇಕಾದರೆ ಒಳಗಿನ ಯುಎಸ್‌ಬಿ ಪಿನ್ನುಗಳಿಗೆ ಒಂದು ಸಣ್ಣ ವೈರ್ ಕೊಡಬೇಕು. ಎಷ್ಟೋ ಕಡೆ ಅದನ್ನು ಕೊಡುವುದೇ ಇಲ್ಲ, ಆಮೇಲೆ ಬ್ಲೂಟೂತ್ ಬರಲಿಲ್ಲ ಎಂದು ಹುಡುಕಾಟ. ಬಾಡಿಗೆ ಮನೆ, ಹಾಸ್ಟೆಲ್, ಲ್ಯಾಪ್‌ಟಾಪ್, ಆಗಾಗ ಜಾಗ ಬದಲಿಸುವ ಕಂಪ್ಯೂಟರ್ ಇವಕ್ಕೆಲ್ಲ ಡಾಂಗಲ್ಲೇ ಸರಿ.

ಮೊದಲು ಫೋನ್ ಹಿಡಿದು ಒಂದು ಪರೀಕ್ಷೆ

ದುಡ್ಡು ಕೊಡುವ ಮುಂಚೆ ಐದು ನಿಮಿಷದ ಕೆಲಸವೊಂದಿದೆ. ನಿಮ್ಮ ಫೋನನ್ನು ಮನೆಯ ವೈಫೈಗೆ ಜೋಡಿಸಿ, ಡಾಂಗಲ್ ಎಲ್ಲಿ ಇರಲಿದೆಯೋ ಅದೇ ಜಾಗದಲ್ಲಿ ಇಡಿ. ಕೈಯಲ್ಲಿ ಹಿಡಿದು ನಿಂತು ನೋಡುವುದಲ್ಲ. ಸಿಪಿಯು ಬಾಕ್ಸ್ ಮೇಜಿನ ಕೆಳಗಿದ್ದರೆ ಫೋನನ್ನೂ ಮೇಜಿನ ಕೆಳಗೆ, ಬಾಕ್ಸಿನ ಬೆನ್ನಿಗೆ, ಗೋಡೆಯ ಪಕ್ಕ ಇಡಬೇಕು. ಕೈಯಲ್ಲಿದ್ದಾಗ ತುಂಬಿ ನಿಂತಿದ್ದ ಸಿಗ್ನಲ್ ಅಲ್ಲಿ ಎರಡು ಗೆರೆಗೆ ಇಳಿಯುವುದು ಸಾಮಾನ್ಯ. ಸಿಗ್ನಲ್ಲನ್ನು ಅಂಕಿಯಲ್ಲಿ ತೋರಿಸುವ ವೈಫೈ ಅನಲೈಸರ್ ಥರದ ಆ್ಯಪ್ ಇದ್ದರೆ ಇನ್ನೂ ಸ್ಪಷ್ಟ. ಅಂಕಿ ಸೊನ್ನೆಗೆ ಹತ್ತಿರವಿದ್ದಷ್ಟೂ ಸಿಗ್ನಲ್ ಬಲ. ಮೈನಸ್ 60 ಡಿಬಿಎಂ ಒಳಗಿದ್ದರೆ ಯಾವ ಡಾಂಗಲ್ ಆದರೂ ನಡೆಯುತ್ತದೆ. ವಿಡಿಯೊ ಕಾಲ್ ಕಡಿಯದೆ ಸಾಗಲು ಮೈನಸ್ 67ರ ಸುಮಾರಿಗೆ ಇರಬೇಕು. ಮೈನಸ್ 75 ದಾಟಿದರೆ ಆಂಟೆನಾ, ಎಕ್ಸ್‌ಟೆನ್ಷನ್ ಕೇಬಲ್ ಎರಡೂ ಬೇಕು. ಮೈನಸ್ 80ರ ಆಚೆ ಯಾವ ಡಾಂಗಲನ್ನೂ ನಂಬಿ ದುಡ್ಡು ಹಾಕಬೇಡಿ.

ಇದೇ ಪರೀಕ್ಷೆಯನ್ನು 2.4 ಗಿಗಾಹರ್ಟ್ಸ್ ಹೆಸರಿಗೆ ಒಮ್ಮೆ, 5 ಗಿಗಾಹರ್ಟ್ಸ್ ಹೆಸರಿಗೆ ಒಮ್ಮೆ ಮಾಡಿ. 2.4 ಗೋಡೆ ದಾಟಿ ದೂರ ಹೋಗುತ್ತದೆ, ಆದರೆ ಎಲ್ಲರೂ ಅಲ್ಲೇ ಇದ್ದಾರೆ. ಭಾರತದಲ್ಲಿ 2.4ರಲ್ಲಿ 13 ಚಾನೆಲ್ ಇದ್ದರೂ ಒಂದರ ಮೇಲೊಂದು ಬೀಳದಂತೆ ಸಿಗುವುದು 1, 6, 11 ಈ ಮೂರೇ. ವಿದ್ಯಾನಗರದ ಪಿಜಿಗಳಲ್ಲಿ, ಎಂಸಿಸಿ ಬಿ ಬ್ಲಾಕಿನ ಅಪಾರ್ಟ್‌ಮೆಂಟುಗಳಲ್ಲಿ ಆ್ಯಪ್ ತೆರೆದರೆ ಈ ಮೂರು ಚಾನೆಲಿನ ಮೇಲೆ ಹತ್ತಾರು ಹೆಸರು ಕಾಣುವುದು ಸಹಜ. ಅಂಥ ಕಡೆ ಸಿಗ್ನಲ್ ತುಂಬಿದ್ದರೂ ವೇಗ ಇರುವುದಿಲ್ಲ. ಅಲ್ಲಿ 5 ಗಿಗಾಹರ್ಟ್ಸ್ ಹಿಡಿಯದ ಡಾಂಗಲ್ ಕೊಳ್ಳುವುದು ದುಡ್ಡು ದಂಡ.

150, 600, 1300, 1800

ಈ ಅಂಕಿಗಳು ಗಾಳಿಯಲ್ಲಿ ಡಾಂಗಲ್ ಮತ್ತು ರೂಟರ್ ಮಾತಾಡಿಕೊಳ್ಳಬಹುದಾದ ಗರಿಷ್ಠ ವೇಗ, ಸೆಕೆಂಡಿಗೆ ಇಷ್ಟು ಮೆಗಾಬಿಟ್ (ಎಂಬಿಪಿಎಸ್) ಎಂಬ ಲೆಕ್ಕದಲ್ಲಿ. ಅಂಕಿಯ ಮುಂದಿನ ಎನ್, ಎಸಿ, ಎಎಕ್ಸ್ ಅಕ್ಷರಗಳು ವೈಫೈಯ ತಲೆಮಾರು, ಎನ್ ಹಳೆಯದು, ಎಎಕ್ಸ್ ಹೊಸದು. ನಿಮ್ಮ ಕೈಗೆ ಸಿಗುವುದು ಒಳ್ಳೆಯ ಸ್ಥಿತಿಯಲ್ಲೂ ಅದರ ಅರ್ಧದಷ್ಟು. ಅದೂ ಅಲ್ಲದೆ, ಎರಡು ಬ್ಯಾಂಡಿನ ಡಾಂಗಲ್ಲುಗಳಲ್ಲಿ ಎರಡೂ ಬ್ಯಾಂಡಿನ ವೇಗವನ್ನು ಕೂಡಿಸಿ ಬರೆದಿರುತ್ತಾರೆ. ಎಸಿ600 ಅಂದರೆ 5ರಲ್ಲಿ 433, 2.4ರಲ್ಲಿ 150ರಿಂದ 200. ಎಸಿ1300 ಅಂದರೆ 867 ಮತ್ತು 400. ವೈಫೈ 6ರ ಎಎಕ್ಸ್1800 ಅಂದರೆ 1201 ಮತ್ತು 574. ಒಂದು ಹೊತ್ತಿನಲ್ಲಿ ಬಳಸುವುದು ಒಂದೇ ಬ್ಯಾಂಡ್, ಆದ್ದರಿಂದ ಕೂಡಿಸಿದ ಮೊತ್ತ ನಿಮಗೆ ಎಂದೂ ಸಿಗುವುದಿಲ್ಲ.

ಎನ್150ರ ಕಥೆ ಇನ್ನೂ ಬಿಗಿ. ಆ 150 ಸಿಗಬೇಕಾದರೆ ರೂಟರ್ 40 ಮೆಗಾಹರ್ಟ್ಸ್ ಅಗಲದ ಚಾನೆಲ್ ಕೊಡಬೇಕು. ಅಕ್ಕಪಕ್ಕ ಬೇರೆ ರೂಟರುಗಳಿದ್ದರೆ ಅದು ತಾನಾಗಿ 20ಕ್ಕೆ ಇಳಿಯುತ್ತದೆ, ಆಗ ಗರಿಷ್ಠ ವೇಗ 72. ಅದರಲ್ಲಿ ಅರ್ಧ ಕೈಗೆ ಬಂದರೂ 40ರೊಳಗೆ. ಆನ್‌ಲೈನ್ ಕ್ಲಾಸು, ಅರ್ಜಿ ತುಂಬುವುದು, ಪಹಣಿ ತೆಗೆಯುವುದು, ಯೂಟ್ಯೂಬ್ ನೋಡುವುದಕ್ಕೆ ಇದು ಸಾಕು. ಮನೆಗೆ 100 ಎಂಬಿಪಿಎಸ್ ಫೈಬರ್ ಹಾಕಿಸಿಕೊಂಡು ಕಂಪ್ಯೂಟರಿಗೆ ಎನ್150 ಚುಚ್ಚಿದರೆ ಮಾತ್ರ ತಿಂಗಳ ಬಿಲ್ಲಿನ ಅರ್ಧ ಭಾಗ ಗೋಡೆಯಲ್ಲೇ ಉಳಿಯಿತು ಅಂತ ಲೆಕ್ಕ.

100ರ ಸಂಪರ್ಕಕ್ಕೆ ಎಸಿ600 ಸರಿಯಾದ ಜೋಡಿ. 300 ಎಂಬಿಪಿಎಸ್ ಇದ್ದು ಅದನ್ನು ಪೂರ್ತಿ ಬಳಸುವ ಕೆಲಸ ನಿಮ್ಮದಾಗಿದ್ದರೆ ಎಸಿ1300. ಆದರೆ ಆಗ ಯುಎಸ್‌ಬಿ ಪೋರ್ಟ್ ನೋಡಿಕೊಳ್ಳಿ. ಯುಎಸ್‌ಬಿ 2.0ರ ಕಾಗದದ ಮೇಲಿನ ವೇಗ 480, ನಿಜಕ್ಕೂ ದಾಟುವುದು 300ರ ಆಸುಪಾಸು. ಹಳೆಯ ಕಂಪ್ಯೂಟರಿನ ಕಪ್ಪು ಪೋರ್ಟಿಗೆ ಎಎಕ್ಸ್1800 ಚುಚ್ಚಿದರೆ ಅದಕ್ಕೆ ಕೊಟ್ಟ ಹೆಚ್ಚಿನ ದುಡ್ಡು ಪೋರ್ಟಿನಲ್ಲೇ ನಿಲ್ಲುತ್ತದೆ. ಒಳಗೆ ನೀಲಿ ಪಟ್ಟಿ ಇರುವ ಯುಎಸ್‌ಬಿ 3.0 ಪೋರ್ಟ್ ಬೇಕು. ಎಎಕ್ಸ್1800 ಕೊಳ್ಳುವವರಿಗೆ ಇನ್ನೊಂದು ಮಾತು: ಮನೆಯ ರೂಟರ್ ವೈಫೈ 6ರದ್ದು ಆಗಿರದಿದ್ದರೆ ಅದೂ ಎಸಿ ಡಾಂಗಲ್ಲಿನ ಥರವೇ ಕೆಲಸ ಮಾಡುತ್ತದೆ. ಎಎಕ್ಸ್300 ಎಂದು ಬರೆದ ಉಗುರಿನಷ್ಟರ ಡಾಂಗಲ್ ಕೂಡ ಮಾರಾಟಕ್ಕಿದೆ, ವೈಫೈ 6 ಎಂಬ ಹೆಸರು ನೋಡಿ ಮರುಳಾಗಬೇಡಿ. ಅದು ಹಿಡಿಯುವುದು 2.4 ಮಾತ್ರ.

ಉಗುರಿನಷ್ಟರದ್ದೋ, ಆಂಟೆನಾ ಇರುವುದೋ

ಉಗುರಿನಷ್ಟರ ನ್ಯಾನೊ ಡಾಂಗಲನ್ನು ಬಿಚ್ಚಿದರೆ ಒಳಗೆ ಆಂಟೆನಾ ಎಂದು ಕಾಣುವುದು ಬೋರ್ಡಿನ ತುದಿಯಲ್ಲಿ ಹಾವಿನಂತೆ ಸುತ್ತಿದ ಒಂದು ತಾಮ್ರದ ಗೆರೆ, ಅಥವಾ ಅಕ್ಕಿಕಾಳಿನಷ್ಟರ ಬಿಳಿ ತುಣುಕು. ಅದನ್ನು ಡೆಸ್ಕ್‌ಟಾಪಿನ ಹಿಂದೆ ಚುಚ್ಚಿದಾಗ ಅದರ ಒಂದು ಪಕ್ಕಕ್ಕೆ ಪೂರ್ತಿ ಕಬ್ಬಿಣದ ಬಾಕ್ಸ್, ಇನ್ನೊಂದು ಪಕ್ಕಕ್ಕೆ ಗೋಡೆ, ನಡುವೆ ಮಾನಿಟರ್ ಕೇಬಲ್, ಪವರ್ ಕೇಬಲ್‌ಗಳ ಗಂಟು. ರೂಟರ್ ಬಾಕ್ಸಿನ ಮುಂದಿನ ದಿಕ್ಕಿನಲ್ಲಿದ್ದರೆ ಸಿಗ್ನಲ್ ಆ ಕಬ್ಬಿಣ ಬಳಸಿಕೊಂಡು ಬರಬೇಕು. ನ್ಯಾನೊ ಮೇಲೆ ಬರುವ ದೂರುಗಳಲ್ಲಿ ಬಹುಪಾಲು ಡಾಂಗಲಿನ ದೋಷವಲ್ಲ, ಈ ಜಾಗದ ದೋಷ.

ಬೇಸಿಗೆಯಲ್ಲಿ ಮತ್ತೊಂದು ಕಷ್ಟ. ದಾವಣಗೆರೆಯಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಹೊರಗಿನ ಬಿಸಿಯೇ 40 ಡಿಗ್ರಿ ಹತ್ತಿರ ಹೋಗುತ್ತದೆ. ಸಿಪಿಯು ಬಾಕ್ಸಿನ ಫ್ಯಾನ್ ಒಳಗಿನ ಬಿಸಿಗಾಳಿಯನ್ನು ಹಿಂದಕ್ಕೇ ತಳ್ಳುತ್ತದೆ, ಡಾಂಗಲ್ ಇರುವುದೂ ಅಲ್ಲೇ. ಗಾಳಿಯಾಡದ ಪುಟ್ಟ ಪ್ಲಾಸ್ಟಿಕ್ಕಿನೊಳಗಿನ ಚಿಪ್ ಕಾದು ಸಂಪರ್ಕ ಕಡಿಯುತ್ತದೆ, ತಣ್ಣಗಾದ ಮೇಲೆ ಮತ್ತೆ ಬರುತ್ತದೆ. ಬೆಳಗ್ಗೆ ಚೆನ್ನಾಗಿದ್ದು ಮಧ್ಯಾಹ್ನ ಎರಡಕ್ಕೆ ಸರಿಯಾಗಿ ಕೈಕೊಡುವ ಡಾಂಗಲ್ಲನ್ನು ಮೊದಲು ಮುಟ್ಟಿ ನೋಡಿ.

ಇಷ್ಟೆಲ್ಲ ಹೇಳಿದರೂ ನ್ಯಾನೊಗೆ ಅದರದೇ ಜಾಗವಿದೆ. ಲ್ಯಾಪ್‌ಟಾಪಿಗೆ ಅದೇ ಸರಿ. ಬ್ಯಾಗಿಗೆ ಹಾಕುವಾಗ ಕಿತ್ತಿಡಬೇಕಿಲ್ಲ, ಉದ್ದ ಆಂಟೆನಾದ್ದು ಲ್ಯಾಪ್‌ಟಾಪಿನ ಪೋರ್ಟಿಗೆ ಚುಚ್ಚಿದ್ದರೆ ಒಂದು ಸಲ ಕೈ ತಗುಲಿದರೂ ಪೋರ್ಟ್ ಸಡಿಲವಾಗುತ್ತದೆ.

ಆಂಟೆನಾದ್ದರಲ್ಲಿ 5 ಡಿಬಿಐ ಎಂದು ಬರೆದಿರುವ ಆಂಟೆನಾ ಬಲದ ಅಳತೆ ಸಿಗ್ನಲ್ಲನ್ನು ಹೊಸದಾಗಿ ಹುಟ್ಟಿಸುವುದಿಲ್ಲ. ಮೇಲೆ ಕೆಳಗೆ ಹೋಗುವುದನ್ನು ತಗ್ಗಿಸಿ ಸುತ್ತಲೂ ಅಡ್ಡಡ್ಡಲಾಗಿ ಹರಡುತ್ತದೆ ಅಷ್ಟೆ. ಆದ್ದರಿಂದ ರೂಟರ್ ಅದೇ ಅಂತಸ್ತಿನಲ್ಲಿದ್ದರೆ ಆಂಟೆನಾವನ್ನು ನೆಟ್ಟಗೆ ನಿಲ್ಲಿಸಿ. ರೂಟರ್ ಮೇಲ್ಮಹಡಿಯ ಓನರ್ ಮನೆಯಲ್ಲಿದ್ದು, ನೀವು ಸರಿಯಾಗಿ ಅದರ ಕೆಳಗಿದ್ದರೆ ಆಂಟೆನಾವನ್ನು ಮಲಗಿಸಿ ನೋಡಿ. ಇದೊಂದು ಬದಲಾವಣೆಗೆ ಕಾಸು ಖರ್ಚಿಲ್ಲ, ಫಲ ಮಾತ್ರ ಕಣ್ಣಿಗೆ ಕಾಣುತ್ತದೆ.

ಎಕ್ಸ್‌ಟೆನ್ಷನ್ ಕೇಬಲ್ ಬಗ್ಗೆ ನಮಗೆ ಪಕ್ಷಪಾತವೇ ಇದೆ. ಎರಡು ಸಾವಿರದ ಡಾಂಗಲನ್ನು ಬಾಕ್ಸಿನ ಹಿಂದೆ ಚುಚ್ಚುವುದಕ್ಕಿಂತ ಸಾವಿರದ ಡಾಂಗಲನ್ನು ಒಂದೂವರೆ ಮೀಟರ್ ಕೇಬಲಿನ ತುದಿಯಲ್ಲಿ ಮೇಜಿನ ಮೇಲೆ ಇಡುವುದು ಮೇಲು. ಕೇಬಲ್ ಉದ್ದದಲ್ಲಿ ಮಿತಿ ಇರಲಿ. ಯುಎಸ್‌ಬಿ 2.0ಗೆ ಒಟ್ಟು 5 ಮೀಟರ್ ಮೇರೆ, ಯುಎಸ್‌ಬಿ 3.0ರ ಡಾಂಗಲ್‌ಗೆ 2 ಮೀಟರ್ ದಾಟಬೇಡಿ. ತೆಳ್ಳನೆಯ ಅಗ್ಗದ ಮೂರು ಮೀಟರ್ ಕೇಬಲ್‌ನಲ್ಲಿ 5 ವೋಲ್ಟ್ ತುದಿ ಮುಟ್ಟುವಷ್ಟರಲ್ಲಿ ಸೊರಗಿರುತ್ತದೆ. ಡಾಂಗಲ್ ದೀಪ ಹತ್ತುತ್ತದೆ, ದೊಡ್ಡ ಫೈಲ್ ಇಳಿಸಲು ಹೊರಟ ಕೂಡಲೇ ಕಡಿದುಹೋಗುತ್ತದೆ.

ಒಳಗಿನ ಚಿಪ್

ಡಬ್ಬದ ಮೇಲಿನ ಕಂಪನಿಯ ಹೆಸರು ಏನೇ ಇರಲಿ, ಒಳಗೆ ಕೆಲಸ ಮಾಡುವ ಚಿಪ್ ಹೆಚ್ಚಾಗಿ ರಿಯಲ್‌ಟೆಕ್ ಅಥವಾ ಮೀಡಿಯಾಟೆಕ್‌ನದು. ಒಂದೇ ಮಾದರಿಯ ಹೆಸರಿನಲ್ಲಿ ಬೇರೆ ಬೇರೆ ಚಿಪ್ ಬರುವುದೂ ಉಂಟು. ಟಿಪಿ-ಲಿಂಕ್‌ನ ಟಿಎಲ್-ಡಬ್ಲ್ಯುಎನ್722ಎನ್ ಇದಕ್ಕೆ ಪ್ರಸಿದ್ಧ ಉದಾಹರಣೆ: ಮೊದಲ ಆವೃತ್ತಿಯಲ್ಲಿ ಅಥೆರೋಸ್ ಎಆರ್9271, ಎರಡು ಮತ್ತು ಮೂರನೆಯ ಆವೃತ್ತಿಯಲ್ಲಿ ರಿಯಲ್‌ಟೆಕ್ 8188ಇಯುಎಸ್. ಹೊರಗಿನ ರೂಪ ಒಂದೇ. ಡಾಂಗಲಿನ ಹೊಟ್ಟೆಯ ಮೇಲೆ ಅಥವಾ ಡಬ್ಬದ ಬಾರ್‌ಕೋಡ್ ಪಕ್ಕ ಸಣ್ಣಕ್ಷರದಲ್ಲಿ ಬರೆದ ಆವೃತ್ತಿ ಸಂಖ್ಯೆಯೇ ಗುರುತು. ಡ್ರೈವರ್ ಇಳಿಸುವಾಗಲೂ ಆ ಸಂಖ್ಯೆ ಬೇಕು, ಡಬ್ಬ ಎಸೆಯುವ ಮುಂಚೆ ಒಂದು ಫೋಟೊ ತೆಗೆದಿಡಿ.

ವಿಂಡೋಸ್ 10, 11 ಬಳಸುವವರು ಚಿಪ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ತಲೆ ಕೆಡಿಸಿಕೊಳ್ಳಬೇಕಾದವರು ಎರಡು ಗುಂಪು.

ಒಂದು, ವಿಂಡೋಸ್ 7ರಲ್ಲೇ ಉಳಿದಿರುವ ಡಿಟಿಪಿ ಸೆಂಟರ್‌ಗಳು, ಪ್ರಿಂಟಿಂಗ್ ಪ್ರೆಸ್‌ಗಳು. ನುಡಿ, ಪೇಜ್‌ಮೇಕರ್‌ಗಳಲ್ಲಿ ವರ್ಷಗಟ್ಟಲೆ ಕೂಡಿಟ್ಟ ಲಗ್ನಪತ್ರಿಕೆ, ಬಿಲ್ ಪುಸ್ತಕಗಳ ಫೈಲುಗಳಿಗಾಗಿ ಆ ಕಂಪ್ಯೂಟರ್ ಬದಲಿಸಲು ಆಗುವುದಿಲ್ಲ. ಇಂಥವರು ವೈಫೈ 6 ಡಾಂಗಲ್ ಕೊಳ್ಳಲೇಬೇಡಿ, ಅವುಗಳ ಡ್ರೈವರ್ ಸಾಮಾನ್ಯವಾಗಿ ವಿಂಡೋಸ್ 10ರಿಂದ ಮೇಲೆ ಮಾತ್ರ. ಡಬ್ಬದ ಮೇಲೆ ವಿಂಡೋಸ್ 7 ಎಂದು ಬರೆದಿರುವ ಎನ್150 ಅಥವಾ ಎಸಿ600 ತೆಗೆದುಕೊಂಡು ಕಪ್ಪು ಪೋರ್ಟಿಗೆ ಚುಚ್ಚಿ, ಏಕೆಂದರೆ ವಿಂಡೋಸ್ 7ಗೆ ಯುಎಸ್‌ಬಿ 3.0 ಡ್ರೈವರ್ ಹುಟ್ಟಿನಿಂದ ಇಲ್ಲ. ಡ್ರೈವರ್ ಹಾಕಿದ ಮೇಲೂ ಡಿವೈಸ್ ಮ್ಯಾನೇಜರಿನಲ್ಲಿ (ವಿಂಡೋಸ್ ತೋರಿಸುವ ಸಾಧನಗಳ ಪಟ್ಟಿ) ಕೋಡ್ 52 ಬಂದರೆ ಸಹಿಯ ಸಮಸ್ಯೆ. ಹೊಸ ಡ್ರೈವರುಗಳ ಡಿಜಿಟಲ್ ಸಹಿಯನ್ನು ಓದಲು ವಿಂಡೋಸ್ 7ಗೆ ಕೆಬಿ4474419 ಎಂಬ ಅಪ್‌ಡೇಟ್ ಹಾಕಬೇಕು. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2020ರ ಜನವರಿ 14ಕ್ಕೇ ಮುಗಿದಿದೆ. ಆ ಕಂಪ್ಯೂಟರಿನಲ್ಲಿ ಮೇಲ್‌ನಿಂದ ಫೈಲ್ ಇಳಿಸಿಕೊಳ್ಳಿ, ಬ್ಯಾಂಕಿನ ಕೆಲಸ ಮಾತ್ರ ಬೇಡ.

ಎರಡನೆಯ ಗುಂಪು ಲಿನಕ್ಸ್ ಬಳಸುವವರು. ಬಿಐಇಟಿ, ಯುಬಿಡಿಟಿಯಂಥ ಇಂಜಿನಿಯರಿಂಗ್ ಕಾಲೇಜಿನ ಹುಡುಗರು ಉಬುಂಟು ಹಾಕಿಕೊಂಡು ಡಾಂಗಲ್ ಕೊಂಡಾಗ ಒದ್ದಾಡುವುದು ಇಲ್ಲೇ. ಕಣ್ಣು ಮುಚ್ಚಿ ಕೊಳ್ಳಬಹುದಾದದ್ದು ಮೀಡಿಯಾಟೆಕ್ ಚಿಪ್. ಎಂಟಿ7610ಯು, ಎಂಟಿ7612ಯು ಇವಕ್ಕೆ 4.19ರಿಂದ ಈಚಿನ ಕರ್ನಲ್‌ಗಳಲ್ಲಿ (ಕರ್ನಲ್ ಅಂದರೆ ಲಿನಕ್ಸ್‌ನ ತಿರುಳು) ಡ್ರೈವರ್ ಒಳಗೇ ಇದೆ. ವೈಫೈ 6ರ ಎಂಟಿ7921ಎಯುಗೆ ಉಬುಂಟು 24.04 ಇದ್ದರೆ ಚುಚ್ಚಿದರೆ ಸಾಕು. ರಿಯಲ್‌ಟೆಕ್‌ನ 8821ಸಿಯು, 8822ಬಿಯು ಡ್ರೈವರುಗಳು 6.2 ಕರ್ನಲ್‌ನಲ್ಲಿ ಒಳಗೆ ಬಂದವು, 24.04ರಲ್ಲಿ ಅವೂ ನಡೆಯುತ್ತವೆ. 8811ಎಯು, 8812ಎಯು ಇದ್ದರೆ 6.14ಕ್ಕಿಂತ ಹಿಂದಿನ ಕರ್ನಲ್‌ನಲ್ಲಿ ಹೊರಗಿನ ಡ್ರೈವರ್ ಕಟ್ಟಿಕೊಳ್ಳಬೇಕು. ಅದು ಕರ್ನಲ್ ಬದಲಾದಾಗಲೂ ಉಳಿಯಬೇಕಾದರೆ ಡಿಕೆಎಂಎಸ್ ಮೂಲಕ ಹಾಕಿ. ಸೆಕ್ಯೂರ್ ಬೂಟ್ ಆನ್ ಇದ್ದರೆ ರೀಸ್ಟಾರ್ಟ್ ಆದಾಗ ಬರುವ ನೀಲಿ ಪರದೆಯಲ್ಲಿ ಕೀ ನೋಂದಾಯಿಸಿ. ಆ ಪರದೆಯನ್ನು ಅವಸರದಲ್ಲಿ ದಾಟಿಸಿಬಿಟ್ಟರೆ ಡ್ರೈವರ್ ಇದ್ದೂ ಲೋಡ್ ಆಗುವುದಿಲ್ಲ.

ಜೋಡಿಸುವಾಗ

ಡಬ್ಬದಲ್ಲಿ ಸಿಡಿ ಇದ್ದರೂ ಅದನ್ನು ಬದಿಗಿಡಿ. ಈಗಿನ ಕಂಪ್ಯೂಟರುಗಳಲ್ಲಿ ಸಿಡಿ ಡ್ರೈವೇ ಇಲ್ಲ, ಇದ್ದರೂ ಆ ಡ್ರೈವರ್ ಹಳೆಯದು. ಡಾಂಗಲನ್ನು, ಅಥವಾ ಅದರ ಎಕ್ಸ್‌ಟೆನ್ಷನ್ ಕೇಬಲನ್ನು, ಸಿಪಿಯುವಿನ ಹಿಂದಿನ ಪೋರ್ಟಿಗೆ, ಅಂದರೆ ನೇರವಾಗಿ ಮದರ್‌ಬೋರ್ಡಿನದಕ್ಕೆ, ಚುಚ್ಚಿ ಎರಡು ನಿಮಿಷ ಬಿಡಿ. ಮುಂದಿನ ಪೋರ್ಟುಗಳು ಒಳಗೆ ಒಂದು ತೆಳ್ಳನೆಯ ವೈರಿನ ತುದಿಯಲ್ಲಿರುತ್ತವೆ, ಹಳೆಯ ಬಾಕ್ಸುಗಳಲ್ಲಿ ಅವು ಸಡಿಲ. ವೈಫೈ ಗುರುತು ಕೆಳಗೆ ಮೂಡಿದರೆ ಕೆಲಸ ಮುಗಿಯಿತು.

ಮೂಡದಿದ್ದರೆ ಡ್ರೈವರ್ ಬೇಕು, ಡ್ರೈವರ್ ಇಳಿಸಲು ನೆಟ್ ಬೇಕು, ನೆಟ್‌ಗೆ ಡಾಂಗಲ್ ಬೇಕು! ಈ ಸುಳಿಯಿಂದ ಹೊರಬರುವ ದಾರಿ ನಿಮ್ಮ ಆಂಡ್ರಾಯ್ಡ್ ಫೋನಿನಲ್ಲಿದೆ. ಚಾರ್ಜರ್ ಕೇಬಲಿನಿಂದ ಫೋನನ್ನು ಕಂಪ್ಯೂಟರಿಗೆ ಜೋಡಿಸಿ, ಫೋನಿನ ಹಾಟ್‌ಸ್ಪಾಟ್ ಸೆಟ್ಟಿಂಗ್‌ನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಚಾರ್ಜ್ ಮಾತ್ರ ಆಗುವ ಕೇಬಲ್ ಇದಕ್ಕೆ ಆಗುವುದಿಲ್ಲ, ಡೇಟಾ ಹೋಗುವ ಕೇಬಲ್ ಇರಲಿ. ಫೋನ್ ಮನೆಯ ವೈಫೈನಲ್ಲಿದ್ದರೆ ಬಹಳಷ್ಟು ಫೋನುಗಳು ಅದೇ ವೈಫೈಯನ್ನು ಕೇಬಲಿನಲ್ಲಿ ದಾಟಿಸುತ್ತವೆ, ಸಿಮ್ಮಿನ ಡೇಟಾ ಖರ್ಚಾಗುವುದಿಲ್ಲ. ಈಗ ವಿಂಡೋಸ್ ಅಪ್‌ಡೇಟ್ ಓಡಿಸಿದರೆ ಎಷ್ಟೋ ಸಲ ಡ್ರೈವರ್ ತಾನೇ ಬಂದು ಕೂರುತ್ತದೆ. ಬಾರದಿದ್ದರೆ ತಯಾರಕರ ಜಾಲತಾಣದಿಂದ ಆವೃತ್ತಿ ಸಂಖ್ಯೆ ಹೊಂದಿಸಿ ಇಳಿಸಿ. "ಎಲ್ಲ ಡ್ರೈವರ್ ಒಂದೇ ಕ್ಲಿಕ್ಕಿನಲ್ಲಿ" ಎನ್ನುವ ಸಾಫ್ಟ್‌ವೇರುಗಳನ್ನು ಹತ್ತಿರ ಸೇರಿಸಬೇಡಿ.

ಡಬ್ಬವೇ ಇಲ್ಲದ, ಹೆಸರೇ ಇಲ್ಲದ ಡಾಂಗಲ್ ಕೈಯಲ್ಲಿದ್ದರೆ ಡಿವೈಸ್ ಮ್ಯಾನೇಜರಿನಲ್ಲಿ ಹಳದಿ ಗುರುತಿನ ಸಾಲಿನ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್, ಡೀಟೇಲ್ಸ್, ಹಾರ್ಡ್‌ವೇರ್ ಐಡೀಸ್‌ಗೆ ಹೋಗಿ. ಅಲ್ಲಿ ವಿಐಡಿ, ಪಿಐಡಿ ಎಂಬ ಎರಡು ನಾಲ್ಕಕ್ಷರದ ಸಂಕೇತಗಳಿವೆ. 0ಬಿಡಿಎ ಮತ್ತು 8179 ಅಂದರೆ ರಿಯಲ್‌ಟೆಕ್ 8188ಇಯುಎಸ್. 148ಎಫ್ ಮತ್ತು 7601 ಅಂದರೆ ಎಂಟಿ7601ಯು. 0ಇ8ಡಿ ಮತ್ತು 7961 ಅಂದರೆ ಎಂಟಿ7921ಎಯು. ಸಂತೆಯಲ್ಲಿ ಕೊಂಡ ಡಾಂಗಲ್ಲಿನ ಜಾತಕವೂ ಈ ಸಂಕೇತದಿಂದ ಸಿಗುತ್ತದೆ.

ಡ್ರೈವರ್ ಕೂತ ಮೇಲೆ ಇನ್ನೆರಡು ಕೆಲಸ ಮಾಡಿಬಿಡಿ. ಡಿವೈಸ್ ಮ್ಯಾನೇಜರಿನಲ್ಲೇ ಡಾಂಗಲಿನ ಪವರ್ ಮ್ಯಾನೇಜ್‌ಮೆಂಟ್ ಪುಟದಲ್ಲಿ, ವಿದ್ಯುತ್ ಉಳಿಸಲು ಈ ಸಾಧನವನ್ನು ಆರಿಸಬಹುದು ಎಂಬ ಟಿಕ್ ತೆಗೆಯಿರಿ. ಲ್ಯಾಪ್‌ಟಾಪ್ ಆದರೆ ಒಳಗಿನ ಹಳೆಯ ವೈಫೈಯನ್ನು ಡಿಸೇಬಲ್ ಮಾಡಿ, ಇಲ್ಲದಿದ್ದರೆ ಅರೆಜೀವದ ಆ ಕಾರ್ಡೇ ಮೊದಲು ಸಂಪರ್ಕ ಹಿಡಿದು ಡಾಂಗಲ್ ಸುಮ್ಮನೆ ಕೂತಿರುತ್ತದೆ.

ಕೈಕೊಟ್ಟಾಗ ಎಲ್ಲಿಂದ ಹುಡುಕುವುದು

ಡಾಂಗಲ್ ಚುಚ್ಚಿದರೆ ವೈಫೈ ಬರುವ ಬದಲು ಹೊಸ ಸಿಡಿ ಡ್ರೈವ್ ಒಂದು ಕಾಣಿಸಿಕೊಂಡರೆ ಹೆದರಬೇಡಿ, ಡಾಂಗಲ್ ಕೆಟ್ಟಿಲ್ಲ. ಡ್ರೈವರ್ ಅದರ ಹೊಟ್ಟೆಯಲ್ಲೇ ಇದೆ. ಆ ಡ್ರೈವ್ ತೆರೆದು ಸೆಟಪ್ ಓಡಿಸಿದರೆ ಅದು ರೂಪ ಬದಲಿಸಿ ವೈಫೈ ಆಗುತ್ತದೆ. ಆಗದಿದ್ದರೆ ಆ ಡ್ರೈವಿನ ಮೇಲೆ ರೈಟ್ ಕ್ಲಿಕ್ ಮಾಡಿ ಇಜೆಕ್ಟ್ ಕೊಡಿ. ಲಿನಕ್ಸ್‌ನಲ್ಲಿ 0ಬಿಡಿಎ:1ಎ2ಬಿ ಎಂದು ಕಾಣುವುದು ಇದೇ ಸ್ಥಿತಿ, ಯುಎಸ್‌ಬಿ-ಮೋಡ್‌ಸ್ವಿಚ್ ಪ್ಯಾಕೇಜ್ ಹಾಕಿದರೆ ತಿರುಗುತ್ತದೆ.

ಕೋಡ್ 28 ಅಂದರೆ ಡ್ರೈವರ್ ಇಲ್ಲ, ಅಷ್ಟೆ. ಕೋಡ್ 10 ಅಂದರೆ ಡ್ರೈವರ್ ಇದೆ, ಸಾಧನ ಏಳುತ್ತಿಲ್ಲ. ತಪ್ಪು ಆವೃತ್ತಿಯ ಡ್ರೈವರ್ ಬಿದ್ದಾಗ ಹೀಗಾಗುತ್ತದೆ. ಡಿವೈಸ್ ಮ್ಯಾನೇಜರಿನಲ್ಲಿ ಅನ್‌ಇನ್‌ಸ್ಟಾಲ್ ಮಾಡುವಾಗ ಡ್ರೈವರ್ ಸಾಫ್ಟ್‌ವೇರನ್ನೂ ಅಳಿಸು ಎಂಬುದಕ್ಕೆ ಟಿಕ್ ಹಾಕಿ, ರೀಸ್ಟಾರ್ಟ್ ಮಾಡಿ, ಸರಿಯಾದದ್ದನ್ನು ಹಾಕಿ. ಕೋಡ್ 43 ಬಂದರೆ ಮೊದಲ ಅನುಮಾನ ಕೇಬಲ್ ಮತ್ತು ಪೋರ್ಟಿನ ಮೇಲೆ. ಎಕ್ಸ್‌ಟೆನ್ಷನ್ ತೆಗೆದು ನೇರ ಚುಚ್ಚಿ, ಬೇರೆ ಪೋರ್ಟ್ ನೋಡಿ, ಬೇರೆ ಕಂಪ್ಯೂಟರ್ ನೋಡಿ. ಮೂರು ಕಡೆಯೂ ಅದೇ ಆದರೆ ಡಾಂಗಲ್ ಹೋಗಿದೆ, ವಾರಂಟಿ ಹಿಡಿದು ಅಂಗಡಿಗೆ ಹೋಗಿ.

ಡಾಂಗಲ್ ಇದೆ, ಪಟ್ಟಿಯಲ್ಲಿ ಒಂದೂ ವೈಫೈ ಹೆಸರಿಲ್ಲ ಅಂದರೆ ವಿಂಡೋಸ್ ಸರ್ವೀಸಸ್‌ನಲ್ಲಿ ಡಬ್ಲ್ಯುಲ್ಯಾನ್ ಆಟೊಕಾನ್ಫಿಗ್ ನಿಂತಿದೆಯೇ ನೋಡಿ, ಅದನ್ನು ಆಟೊಮ್ಯಾಟಿಕ್‌ಗೆ ಹಾಕಿ ಶುರು ಮಾಡಿ. ಎಲ್ಲರದೂ ಕಾಣುತ್ತದೆ, ನಿಮ್ಮದೊಂದೇ ಕಾಣುವುದಿಲ್ಲ ಅಂದರೆ ದೋಷ ಹೆಚ್ಚಾಗಿ ರೂಟರಿನ ಚಾನೆಲ್ಲಿನದು. ಅಮೆರಿಕದ ನಿಯಮಕ್ಕೆ ಹೊಂದಿಸಿದ ಡಾಂಗಲ್‌ಗೆ 2.4ರ 12, 13ನೆಯ ಚಾನೆಲ್ ಕಾಣುವುದಿಲ್ಲ. 5ರಲ್ಲಿ 52ರಿಂದ 144ರವರೆಗಿನವು ರೇಡಾರ್ ಜೊತೆ ಹಂಚಿಕೊಂಡ ಚಾನೆಲ್‌ಗಳು, ಕೆಲವು ಡಾಂಗಲ್ಲುಗಳು ಅವನ್ನು ಮುಟ್ಟುವುದೇ ಇಲ್ಲ. ರೂಟರಿನಲ್ಲಿ ಆಟೊ ತೆಗೆದು 2.4ಕ್ಕೆ 1, 6, 11ರಲ್ಲಿ ಒಂದನ್ನು, 5ಕ್ಕೆ 36 ಅಥವಾ 149 ಕೊಡಿ. ಹೆಸರು ಕಾಣುತ್ತದೆ, ಪಾಸ್‌ವರ್ಡ್ ಸರಿ ಇದ್ದರೂ ಸೇರುವುದಿಲ್ಲ ಅಂದರೆ ರೂಟರ್ ಡಬ್ಲ್ಯುಪಿಎ3 ಎಂಬ ಹೊಸ ಭದ್ರತಾ ವಿಧಾನ ಮಾತ್ರ ಎಂದು ಕೂತಿರಬಹುದು. ಡಬ್ಲ್ಯುಪಿಎ2 ಮತ್ತು 3 ಎರಡೂ ಒಪ್ಪುವಂತೆ ಬದಲಿಸಿ.

ವೈಫೈ ಸೇರಿತು, ನೆಟ್ ಇಲ್ಲ. ಮೊದಲು ಫೋನಿನಲ್ಲಿ ನೋಡಿ, ಅಲ್ಲೂ ಇಲ್ಲದಿದ್ದರೆ ತೊಂದರೆ ಲೈನಿನದು. ಫೋನಿನಲ್ಲಿದ್ದು ಕಂಪ್ಯೂಟರಿನಲ್ಲಿ ಮಾತ್ರ ಇಲ್ಲದಿದ್ದರೆ ಐಪಿ ವಿಳಾಸ ನೋಡಿ. 169.254 ಎಂದು ಶುರುವಾದರೆ ರೂಟರ್ ಇದಕ್ಕೆ ವಿಳಾಸವನ್ನೇ ಕೊಟ್ಟಿಲ್ಲ ಎಂದರ್ಥ. ರೂಟರನ್ನು ಆರಿಸಿ ಹತ್ತಿಸಿ, ವೈಫೈ ಹೆಸರನ್ನು ಫರ್ಗೆಟ್ ಕೊಟ್ಟು ಮತ್ತೆ ಸೇರಿಸಿ. ವಿಳಾಸ ಸರಿಯಿದ್ದೂ ಒಂದೊಂದು ಜಾಲತಾಣವೂ ಸುರಕ್ಷಿತವಲ್ಲ ಎಂದು ಹೆದರಿಸುತ್ತಿದ್ದರೆ ಪರದೆಯ ಮೂಲೆಯ ತಾರೀಖು ನೋಡಿ. ಹತ್ತು ವರ್ಷದ ಹಳೆಯ ಡೆಸ್ಕ್‌ಟಾಪಿನಲ್ಲಿ ಮದರ್‌ಬೋರ್ಡಿನ ನಾಣ್ಯದಂಥ ಬ್ಯಾಟರಿ ಸತ್ತು, ಕರೆಂಟ್ ಹೋದಾಗಲೆಲ್ಲ ಗಡಿಯಾರ ಹಿಂದಿನ ಯಾವುದೋ ವರ್ಷಕ್ಕೆ ಓಡಿರುತ್ತದೆ. ತಾರೀಖು ತಪ್ಪಿದರೆ ಜಾಲತಾಣಗಳ ಸರ್ಟಿಫಿಕೇಟ್ ಹೊಂದುವುದಿಲ್ಲ. ಸಿಆರ್2032 ಎಂಬ 3 ವೋಲ್ಟಿನ ಬ್ಯಾಟರಿ ಬದಲಿಸಿದರೆ ಮುಗಿಯಿತು. ಇದನ್ನು ತಿಳಿಯದೆ ಒಳ್ಳೆಯ ಡಾಂಗಲ್ಲುಗಳನ್ನು ವಾಪಸ್ ಕೊಡುವುದು ನೋಡಿದರೆ ಸಂಕಟವಾಗುತ್ತದೆ.

ಆಗಾಗ ಕಡಿಯುವುದಕ್ಕೆ ಬಿಸಿ, ತೆಳ್ಳನೆಯ ಕೇಬಲ್, ವಿದ್ಯುತ್ ಉಳಿತಾಯದ ಟಿಕ್ ಈ ಮೂರನ್ನು ಆಗಲೇ ಹೇಳಿದೆವು. ನಾಲ್ಕನೆಯದು ಯಾರಿಗೂ ಹೊಳೆಯುವುದಿಲ್ಲ: ಪಕ್ಕದ ಪೋರ್ಟಿನ ಹಾರ್ಡ್ ಡಿಸ್ಕ್. ಯುಎಸ್‌ಬಿ 3.0 ಸಾಧನ ಕೆಲಸ ಮಾಡುವಾಗ 2.4 ಗಿಗಾಹರ್ಟ್ಸ್ ಸುತ್ತಲೇ ರೇಡಿಯೊ ಗದ್ದಲ ಎಬ್ಬಿಸುತ್ತದೆ, ಇಂಟೆಲ್ 2012ರಲ್ಲೇ ಇದನ್ನು ಅಳೆದು ಪ್ರಕಟಿಸಿದೆ. ಹೊರ ಹಾರ್ಡ್ ಡಿಸ್ಕಿಗೆ ಫೋಟೊಗಳನ್ನು ಹಾಕುವಾಗ ಮಾತ್ರ ನೆಟ್ ನಿಲ್ಲುತ್ತಿದ್ದರೆ ಕಾರಣ ಇದೇ. ಡಾಂಗಲನ್ನು ಎಕ್ಸ್‌ಟೆನ್ಷನ್ ತುದಿಗೆ ಒಯ್ಯಿರಿ, ಅಥವಾ 5 ಗಿಗಾಹರ್ಟ್ಸ್‌ಗೆ ಬದಲಿಸಿ.

ವೇಗ 54ರ ಮೇಲೆ ಏರುವುದೇ ಇಲ್ಲ ಅಂದರೆ ರೂಟರಿನ ಭದ್ರತೆ ಹಳೆಯ ಟಿಕೆಐಪಿ ಅಥವಾ ಡಬ್ಲ್ಯುಇಪಿಯಲ್ಲಿರಬಹುದು. ಡಬ್ಲ್ಯುಪಿಎ2, ಎಇಎಸ್ ಎಂದು ಬದಲಿಸಿ.

ಕಲ್ಲಿನ ಗೋಡೆಯ ಮನೆಗಳಲ್ಲಿ

ಚಿತ್ರದುರ್ಗದ ಕೋಟೆಯ ಮಗ್ಗುಲಿನ ಹಳೆಯ ಪೇಟೆ ಬೀದಿಗಳಲ್ಲಿ, ಸುತ್ತಲಿನ ಹಳ್ಳಿಗಳಲ್ಲಿ ಒಂದೂವರೆ ಎರಡು ಅಡಿ ದಪ್ಪದ ಕಲ್ಲು ಮಣ್ಣಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ ಇರುವ ಮನೆಗಳು ಇನ್ನೂ ಇವೆ. ಬೇಸಿಗೆಗೆ ತಂಪು, ವೈಫೈಗೆ ಮಾತ್ರ ಕಷ್ಟ. ಇಲ್ಲಿ ಮೇಲಿನ ಲೆಕ್ಕ ತಲೆಕೆಳಗಾಗುತ್ತದೆ. ಒಂದು ಗೋಡೆ ದಾಟುವಷ್ಟರಲ್ಲಿ 5 ಗಿಗಾಹರ್ಟ್ಸ್ ಮುಗಿದೇಹೋಗಬಹುದು, 2.4 ಅಷ್ಟಿಷ್ಟು ಉಳಿಯುತ್ತದೆ. ಅಕ್ಕಪಕ್ಕದವರ ಸಿಗ್ನಲ್ಲಿಗೂ ಅದೇ ಗೋಡೆ ಅಡ್ಡ, ಹೀಗಾಗಿ 2.4ರಲ್ಲಿ ಗದ್ದಲವೂ ಕಡಿಮೆ. ಅಂಥ ಮನೆಗೆ ಎಸಿ1300 ನ್ಯಾನೊಗಿಂತ ಎರಡು ಆಂಟೆನಾದ ಸಾದಾ ಎನ್300 ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಸಿಗ್ನಲ್ ಅಲ್ಲಿ ಗೋಡೆಯ ಮೂಲಕ ಬರುವುದಕ್ಕಿಂತ ಬಾಗಿಲಿನ ಮೂಲಕ ಬರುವುದೇ ಹೆಚ್ಚು. ಹಳೆಯ ಮನೆಗಳಲ್ಲಿ ತಲೆಬಾಗಿಲಿನಿಂದ ಹಿತ್ತಿಲ ಬಾಗಿಲಿನವರೆಗೆ ಬಾಗಿಲುಗಳು ನೇರ ಸಾಲಿನಲ್ಲಿರುವುದು ರೂಢಿ. ರೂಟರನ್ನು ಆ ಸಾಲಿಗೆ ಎದುರಾಗಿ, ಎದೆಯೆತ್ತರದಲ್ಲಿ ಇಡಿ. ಒಳಕೋಣೆಯಲ್ಲಿ ಕಂಪ್ಯೂಟರ್ ಮೂಲೆಯಲ್ಲಿದ್ದರೆ ಮೂರು ಮೀಟರಿನ ಒಳ್ಳೆಯ ದಪ್ಪ ಯುಎಸ್‌ಬಿ 2.0 ಎಕ್ಸ್‌ಟೆನ್ಷನ್ ಹಾಕಿ, ಡಾಂಗಲನ್ನು ಬಾಗಿಲ ಚೌಕಟ್ಟಿನ ಪಕ್ಕಕ್ಕೆ ತನ್ನಿ. ಬಾಗಿಲ ಬಳಿ ದೀಪದ ಗೂಡು ಇದ್ದರೆ ಅದರ ಅಂಚಿನಲ್ಲಿ ಇಡಿ, ಒಳಕ್ಕೆ ತಳ್ಳಿದರೆ ಮೂರು ಕಡೆ ಮತ್ತೆ ಕಲ್ಲು. ಫೋನ್ ಹಿಡಿದು ಚೌಕಟ್ಟಿನ ಉದ್ದಕ್ಕೂ ಮೇಲಿನಿಂದ ಕೆಳಕ್ಕೆ ಒಮ್ಮೆ ಅಳೆದರೆ ನಾಲ್ಕು ಬೆರಳಿನ ಅಂತರಕ್ಕೆ ಸಿಗ್ನಲ್ ಬದಲಾಗುವುದು ಕಾಣುತ್ತದೆ.

ಅದೂ ಸಾಲದಾದರೆ ಡಾಂಗಲ್ ಬದಲಿಸುತ್ತಾ ಹೋಗಬೇಡಿ. ಮಾಳಿಗೆಯ ಬೆಳಕಿಂಡಿಯ ಮೂಲಕ ಲ್ಯಾನ್ ಕೇಬಲ್ ಒಂದನ್ನು ಒಳಕೋಣೆಗೆ ಇಳಿಸಿ, 100 ಮೀಟರಿನವರೆಗೆ ಅದಕ್ಕೆ ಚಿಂತೆಯಿಲ್ಲ. ಬಿಸಿಲಿಗೆ ಬೀಳುವ ಭಾಗಕ್ಕೆ ಹೊರಗಡೆಗೆಂದೇ ಮಾಡಿದ ಕಪ್ಪು ಹೊದಿಕೆಯ ಕೇಬಲ್ ತನ್ನಿ, ಮನೆಯೊಳಗೆ ಹಾಕುವ ಬೂದು ಬಣ್ಣದ್ದು ದುರ್ಗದ ಬಿಸಿಲಿಗೆ ಬೇಗ ಸೀಳುಬಿಡುತ್ತದೆ. ಬೆಳಕಿಂಡಿಗೆ ಇಳಿಯುವ ಮುಂಚೆ ಕೇಬಲನ್ನು ಒಂದು ಗೇಣು ಕೆಳಕ್ಕೆ ಜೋತುಬಿಟ್ಟು ಮತ್ತೆ ಮೇಲೆ ತಿರುಗಿಸಿ, ಮಳೆ ನೀರು ಕೇಬಲ್ ಹಿಡಿದು ಒಳಗೆ ಬಾರದೆ ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ. ಮುಂಗಾರಿನ ಮೋಡ ಕವಿದಾಗ, ಗುಡುಗು ಶುರುವಾಗುವ ಮುಂಚೆಯೇ ಎರಡೂ ತುದಿ ಕಿತ್ತಿಡಿ.